ಕುಬಸದ ತೋಳು

"ಇನ್ನ ಎಷ್ಟ ದೂರ?" ನೀಲವ್ವ ನಾಲ್ಕನೆಯ ಸಲ ಕೇಳಿದಳು.

ಮಾಧುರಿ ಬ್ರೇಕ್ ಒತ್ತಿದಳು. ಮಾರ್ಗನ್ ಹಿಲ್ ದಾಟುತ್ತಲೇ ಫ್ರೀವೇಯಲ್ಲಿ ಕಾರುಗಳು ನಿಂತುಬಿಟ್ಟಿದ್ದವು. ಅವಳ ಕೈಗಳಲ್ಲಿ ಮೊಳಕೈವರೆಗೆ ಹಸಿರು ಬಳೆ. ಹೊಟ್ಟೆ ಸ್ಟಿಯರಿಂಗಿಗೆ ತಾಗುವುದೊಂದು ಬಾಕಿ. ನಾಲ್ಕೂ ಇಪ್ಪತ್ತು. ಐದಕ್ಕೆ ಕ್ಲಿನಿಕ್ಕು ಮುಚ್ಚುತ್ತದೆ.

ಗಿಲ್‌ರಾಯ್‌ನ ಮನೆಯಲ್ಲಿ ಕುಬಸಕ್ಕೆ, ಬಸುರಿಗೆ ಹಸಿರು ರವಿಕೆ ತೊಡಿಸುವ ಶಾಸ್ತ್ರಕ್ಕೆ, ಬಂದವರು ಇನ್ನೂ ಉಣ್ಣುತ್ತಿದ್ದರು. ಬಡಿಸಲು ಗಂಡ ಕೇದಾರನನ್ನು ಬಿಟ್ಟು, ಆರತಿಯಾದ ಸೀರೆಯಲ್ಲೇ ಅವಳು ಹೊರಟಿದ್ದಳು. ಹೊಸ ಬಳೆ ತೊಟ್ಟ ಬಸುರಿಯನ್ನು ಒಬ್ಬಳನ್ನೇ ಕಳಿಸಬಾರದೆಂದು ಅತ್ತೆ ನೀಲವ್ವ ಚಪ್ಪಲಿ ಮೆಟ್ಟಿ ಬೆನ್ನು ಹತ್ತಿದ್ದಳು.

ತಪ್ಪಿದ್ದು ಎಣಿಕೆ. ಬಸುರಿಯರಿಗೆ ಕೊಡುವ ಆರ್‌ಎಸ್‌ವಿ ಎಂಬ ಉಸಿರಾಟದ ಸೋಂಕಿನ ಲಸಿಕೆಯನ್ನು ಮೂವತ್ತೆರಡನೆಯ ವಾರದಿಂದಲೇ ಹಾಕಿಸಬಹುದಿತ್ತು. "ಕುಬಸ ಆಗೂ ಮಟಾ ಮೈಗೆ ಸೂಜಿ ಮುಟ್ಟಿಸಬ್ಯಾಡ" ಎಂದಿದ್ದಳು ನೀಲವ್ವ. ಜಗಳ ಯಾಕೆಂದು ಮಾಧುರಿ ಒಪ್ಪಿದ್ದಳು. ನಡುವೆ ಅಮಾವಾಸ್ಯೆ ಬಂತೆಂದು ಕುಬಸವೇ ಮುಂದೆ ಹೋಯಿತು. ಅತ್ತೆಯದು ತಿಂಗಳ ಲೆಕ್ಕ, ಡಾಕ್ಟರದು ವಾರದ್ದು. ಇವತ್ತಿಗೆ ಮೂವತ್ತಾರು ವಾರ, ಆರು ದಿನ. ನಾಳೆಯಿಂದ ಹಾಕುವುದಿಲ್ಲ. ಊರಿನ ಫಾರ್ಮಸಿಗಳಲ್ಲಿ ಸ್ಟಾಕಿರಲಿಲ್ಲ; ಇದ್ದದ್ದು ಸ್ಯಾನ್ ಹೊಸೆಯ ಒಂದು ಕ್ಲಿನಿಕ್ಕಿನಲ್ಲಿ. ಹುಟ್ಟಿದ ಮೇಲೆ ಕೂಸಿಗೇ ಕೊಡುವ ಇನ್ನೊಂದು ಇಂಜೆಕ್ಷನ್ನಿದೆ, ಆದರೆ ಈ ಚಳಿಗಾಲ ಅದು ಸಿಕ್ಕೇ ಸಿಗುತ್ತದೆಂದು ಮಾತು ಕೊಡಲಾರೆ ಎಂದಿದ್ದರು ಡಾಕ್ಟರು.

"ಒಂದ್ ನೆಗಡಿಗೆ ಇಷ್ಟ ಒದ್ದಾಟ?"

"ನಮಗ ನೆಗಡಿ ಅತ್ತಿ. ಹಸಗೂಸಿಗೆ ಉಸರ ಕಟ್ಟತದ. ಡೇಕೇರ್‌ನ್ಯಾಗ ಎಲ್ಲಾ ಹುಡುಗೂರಿಗೂ ಬಂದದ. ನಮ್ಮ ದೊಡ್ಡಾಕಿ ಶೀತಲ್ ನಿನ್ನಿಯಿಂದ ಕೆಮ್ಮಲಿಕ್ಕತ್ತಾಳ, ನೋಡೀರಿಲ್ಲೋ?"

"ನಿಮ್ಮ ಅಮೇರಿಕಾದಾಗ ಕೆಮ್ಮಿಗೂ ನಾಮಕರಣ ಮಾಡ್ತೀರಿ ಬಿಡು."

ಐದಕ್ಕೆ ಆರು ನಿಮಿಷವಿದ್ದಾಗ ಸ್ಯಾನ್ ಹೊಸೆಯ ಕ್ಲಿನಿಕ್ಕಿನ ಬಾಗಿಲು ತಳ್ಳಿದರು. ಒಬ್ಬ ತಂದೆ ಕಂಬಳಿಯಲ್ಲಿ ಸುತ್ತಿದ ಕೂಸನ್ನು ಹಿಡಿದು ಕೌಂಟರಿನ ಮುಂದೆ ನಿಂತಿದ್ದ. ನರ್ಸು ಕಂಬಳಿ ಸರಿಸಿದಳು. ಪ್ರತಿ ಉಸಿರಿಗೂ ಕೂಸಿನ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು.

"ಪಕ್ಕಿ ಎಳೀಲಿಕ್ಕತ್ತಾವು," ಎಂದಳು ನೀಲವ್ವ, ಮೆಲ್ಲಗೆ. ತಂದೆಯನ್ನೂ ಕೂಸನ್ನೂ ಓಡೋಡುತ್ತ ಒಳಗೆ ಕರೆದೊಯ್ದರು. ನೀಲವ್ವನ ಕಣ್ಣು ಮುಚ್ಚಿದ ಬಾಗಿಲ ಮೇಲೇ ನಿಂತಿತು.

ಇನ್ನೊಬ್ಬ ನರ್ಸು ಸಿರಿಂಜು ತಂದಾಗ ಹೊಸ ತೊಡಕು. ಮಾಧುರಿ ತೊಟ್ಟಿದ್ದು ತವರಿನಿಂದ ಬಂದ ಗುಳೇದಗುಡ್ಡದ ಖಣದ ಕುಬಸ. ಬಿಗಿ ತೋಳು ಮೇಲೇರದು. ಕಳಚಹೋದರೆ ಬಳೆಗಳಿಗೆ ಸಿಕ್ಕಿಕೊಂಡಿತು. ನರ್ಸು ಗೋಡೆಯ ಗಡಿಯಾರ ನೋಡಿದಳು.

"ಕತ್ತರಿ ಕೇಳ್ಲೇನ್ರಿ ಅತ್ತಿ?" ಮಾಧುರಿ ತೋಳನ್ನು ಇನ್ನೊಮ್ಮೆ ಜಗ್ಗಿದಳು.

"ಹಸಿರ ಕುಬಸಕ್ಕ ಕತ್ತರಿ ಹಚ್ಚತಾರೇನ?" ಎಂದ ನೀಲವ್ವ ಬಗ್ಗಿ, ತೋಳಿನ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ, ಭುಜದವರೆಗೆ ಪರ್ರನೆ ಎಳೆದಳು. "ತೋಳಿಗೆ ಅರಿವಿ ಉಳಿಸ್ಯಾಳ ನಿಮ್ಮವ್ವ, ಜಿಪುಣಿ. ಹೂಂ, ಚುಚ್ಚವಾ ತಂಗಿ, ಚುಚ್ಚು!"

ಭಾಷೆ ತಿಳಿಯದ ನರ್ಸು ತಲೆಯಾಡಿಸಿ ಸೂಜಿ ಒತ್ತಿದಳು.

ಹದಿನೈದು ನಿಮಿಷ ಕೂತಿರಬೇಕಿತ್ತು. "ಇದರ ಶಕ್ತಿ ಕೂಸಿಗೆ ಮುಟ್ಟಲಿಕ್ಕೆ ಎರಡು ವಾರ ಬೇಕಂತ್ರಿ," ಎಂದಳು ಮಾಧುರಿ.

ನೀಲವ್ವ ಬೆರಳು ಮಡಚಿ ವಾರಗಳನ್ನು ಎಣಿಸಿದಳು. ಆಮೇಲೆ ಸೊಸೆಯ ಹೊಟ್ಟೆಯ ಮೇಲೆ ಅಂಗೈ ಊರಿ, ಗದರುವ ದನಿಯಲ್ಲಿ, "ಕೇಳಿಸ್ತಿಲ್ಲೋ? ಅವಸರ ಮಾಡಬ್ಯಾಡ," ಎಂದಳು.

ಒಳಗಿನ ಕೋಣೆಯಿಂದ ಸಣ್ಣ ಕೆಮ್ಮು ಕೇಳಿಸಿತು. ನೀಲವ್ವ ಅಂಗೈ ತೆಗೆಯಲಿಲ್ಲ.