ನೆರಿಗೆ ಹಿಡಿದ ಬಾವುಟಗಳು

ವಿದೇಶಾಂಗ ಕಚೇರಿಯ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಾವುಟ ಹೊಲಿಯುತ್ತಿದ್ದ ದರ್ಜಿಯಮ್ಮನಿಗೆ ಆ ವಾರ ಉಸಿರಾಡಲೂ ಪುರುಸೊತ್ತಿರಲಿಲ್ಲ. ನದಿ ನೀರಿಗಾಗಿ ವರ್ಷಗಟ್ಟಲೆ ಕಿತ್ತಾಡಿದ ನೆರೆಯ ಎರಡು ದೇಶಗಳು ಕೊನೆಗೂ ರಾಜಿಗೆ ಒಪ್ಪಿದ್ದವು. ಮೊದಲೆಲ್ಲ ಇಂಥ ಪಂಚಾಯಿತಿಗೆ ಎಲ್ಲರೂ ಸಮುದ್ರ ದಾಟಿ, ಹಿಂದೆ ತಮ್ಮನ್ನು ಆಳಿದವರ ರಾಜಧಾನಿಗೇ ಹೋಗುತ್ತಿದ್ದರು. ಈ ಸಲ ಇಲ್ಲಿಗೆ ಬಂದಿದ್ದರು.

ಸಹಿಗೆ ಎರಡು ಗಂಟೆ ಇರುವಾಗ ಕಾರ್ಯದರ್ಶಿ ದಡದಡನೆ ಮೆಟ್ಟಿಲಿಳಿದು ಬಂದರು.

"ಅಮ್ಮಾ, ಕೆಲಸ ಕೆಟ್ಟಿತು! ಆ ಇನ್ನೊಂದು ದೇಶದ ಬಾವುಟ ತಮ್ಮದಕ್ಕಿಂತ ಅಗಲ ಅಂತ ಬಂದಿರೋ ಒಬ್ಬ ಮಂತ್ರಿಗಳು ಮುಖ ಊದಿಸ್ಕೊಂಡು ಕೂತಿದಾರೆ."

ಆಕೆ ಟೇಪು ಕೊರಳಿಗೆ ಹಾಕಿಕೊಂಡು ಮೇಲೆ ಹೋದಳು. ಗೋಡೆಗೆ ಬಿಡಿಸಿ ಕಟ್ಟಿದ್ದ ಆ ಎರಡು ದೇಶಗಳ ಬಾವುಟಗಳ ಎತ್ತರವೇನೋ ಒಂದೇ. ಆದರೆ ಒಂದು ಉದ್ದನೆಯದು, ಇನ್ನೊಂದು ಹೆಚ್ಚುಕಡಿಮೆ ಚೌಕ. ಅಗಲ ಸರಿಮಾಡಹೋದರೆ ಎತ್ತರ ತಪ್ಪುತ್ತಿತ್ತು.

"ಇಳಿಸಿ, ಕಂಬಕ್ಕೆ ಹಾಕಿ. ನೆರಿಗೆ ಹಿಡೀತೀನಿ," ಎಂದಳು. "ಕಿಟಕಿ ಪರದೆ ಎಷ್ಟು ಅಗಲ ಅಂತ ಯಾರಾದ್ರೂ ಕೇಳ್ತಾರಾ?"

"ಸರಿ. ಆದ್ರೆ ನಮ್ಮ ದೇಶದ್ದು ನಾಲ್ಕು ಬೆರಳು ಎತ್ತರ ಇರಲಿ. ಈ ಸುತ್ತಿನಲ್ಲೆಲ್ಲ ಈಗ ನಾವೇ ದೊಡ್ಡವರಲ್ವಾ?"

"ಮನೆಗೆ ಊಟಕ್ಕೆ ಕರೆದು, ನೀವು ಮಾತ್ರ ದೊಡ್ಡ ತಟ್ಟೆ ಇಟ್ಕೊಂಡು ಕೂರ್ತೀರಾ ಸಾರ್?"

ಕಾರ್ಯದರ್ಶಿಯ ಕಿವಿ ಕೆಂಪಾಯಿತು. ಮೂರು ಕಂಬಗಳೂ ಒಂದೇ ಎತ್ತರಕ್ಕೆ ನಿಂತವು. ಆಕೆ ಮಂಡಿಯೂರಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಒಂದೊಂದೇ ನೆರಿಗೆ ಕೂರಿಸಿದಳು.

ಮುಖ ಊದಿಸಿಕೊಂಡಿದ್ದ ಚೌಕ ಬಾವುಟದ ಮಂತ್ರಿ ಬಂದರು. ಯಾವ ಸಂಕೋಚವೂ ಇಲ್ಲದೆ ಮೂರನ್ನೂ ಗೇಣು ಹಾಕಿ ಅಳೆದರು. ಎಲ್ಲವೂ ಎರಡೆರಡು ಗೇಣು. ಅವರಿಗೆ ನಗು ತಡೆಯಲಾಗಲಿಲ್ಲ.

"ಹೋದ ಸಲ ಸಮುದ್ರದಾಚೆ ಕೂತಾಗ ನಮ್ಮ ಬಾವುಟಾನ ತಲೆಕೆಳಗೆ ಕಟ್ಟಿದ್ರಮ್ಮ. ಸಂಜೆವರೆಗೂ ಅಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ನೀವು ನೆರಿಗೆ ಎಣಿಸಿ ಹಾಕಿದೀರಿ."

ಬಾಯಲ್ಲಿನ್ನೂ ಪಿನ್ನಿದ್ದದ್ದರಿಂದ ದರ್ಜಿಯಮ್ಮ ಬರೀ ತಲೆಯಾಡಿಸಿದಳು.

ಸಹಿ ಬಿತ್ತು. ಮನೆಗೆ ಹೋದಾಗ ನಾದಿನಿ ಬಾಗಿಲಲ್ಲೇ ಹಿಡಿದುಕೊಂಡಳು. "ಅತ್ತಿಗೆ, ಟೀವೀಲಿ ಕಂಡ್ರಿ! ಪೂರ್ತಿ ಅಲ್ಲ, ಮೊಣಕೈ ಮಾತ್ರ."

"ಯಾವ ಮೊಣಕೈ? ಬಲಗಡೆದಾ? ಅದೇ ಚೆನ್ನಾಗಿರೋದು ಬಿಡು."

ಹದಿನೈದು ದಿನ ಕಳೆದ ಮೇಲೆ ಕಾರ್ಯದರ್ಶಿ ಮತ್ತೆ ಕೆಳಗಿಳಿದು ಬಂದರು. ಹಡಗು ಬಂದರುಗಳ ಮಾತುಕತೆಗೆ ಐದು ದೇಶಗಳು ಇಲ್ಲಿಗೇ ಬರುತ್ತೇವೆಂದು ಪತ್ರ ಬರೆದಿದ್ದವಂತೆ.

"ಐದಾ?" ದರ್ಜಿಯಮ್ಮ ಕನ್ನಡಕ ಏರಿಸಿದಳು. "ಹಾಗಾದ್ರೆ ನನಗೆ ಇನ್ನೊಂದು ಹೊಲಿಗೆ ಮಿಷನ್ ಬೇಕು. ನಾಳೇನೇ."