ಕುರಿತೊಟ್ಟಿಯ ಲಾರ್ಚ್

ಸಿರ್ಗಾಳ ಮೈದುನ ಸನಾಷ್‌ನ ಮೈಮೇಲೆ ಬೆಟ್ಟದ ದೈವ ಬರಲು ಶುರುವಾದದ್ದು ಟ್ರ್ಯಾಕ್ಟರ್ ಓಡಿಸುವ ಕೆಲಸ ಹೋದಮೇಲೆ. ಅದಕ್ಕೆ ಮೊದಲು ಅವನ ಮೈಮೇಲೆ ಬರುತ್ತಿದ್ದದ್ದು ಹಾಲಿನ ಸಾರಾಯಿ ಒಂದೇ. ಕುಡಿದು ಟ್ರ್ಯಾಕ್ಟರನ್ನು ಹೊಳೆಗೆ ಇಳಿಸಿದ, ಕೆಲಸದಿಂದ ತೆಗೆದರು, ಒಂದು ಚಳಿಗಾಲ ಪೂರ್ತಿ ಅತ್ತಿಗೆಯ ಒಲೆಯ ಮುಂದೆ ಕಾಲು ಚಾಚಿ ಕೂತು ತಿಂದ. ಹಿಮ ಕರಗುವಷ್ಟರಲ್ಲಿ ನೋಡಿದರೆ ತಲೆಗೆ ಗೂಬೆಗರಿ ಸಿಕ್ಕಿಸಿಕೊಂಡು, ಕೈಯಲ್ಲೊಂದು ತಮಟೆ ಹಿಡಿದು ಶಾಮನ್ ಆಗಿ ನಿಂತಿದ್ದ. ತಮಟೆಗೆ ಕಾಡುಜಿಂಕೆಯ ಚರ್ಮ ಎಂದು ಬಂದವರಿಗೆ ಹೇಳುತ್ತಿದ್ದ. ಅದು ಸಿರ್ಗಾಳ ಕೊಟ್ಟಿಗೆಯಲ್ಲಿ ಸತ್ತ ಕೆಂದಗರುವಿನ ಚರ್ಮ. ಅವಳೇ ಸುಲಿದು ಒಣಗಿಸಿದ್ದಳು.

"ಪಾಪ ನನ್ನ ಕರು. ಬದುಕಿದ್ದಾಗ ತಾಯಿಯನ್ನೇ ಕರೆಯೋಕೆ ಬರ್ತಿರಲಿಲ್ಲ, ಸತ್ತಮೇಲೆ ದೈವಗಳನ್ನ ಕರೀತಿದೆ," ಅಂದಳು ಸಿರ್ಗಾ, ಅವನಿಗೆ ಕೇಳುವಂತೆಯೇ.

"ನಗು ಅತ್ತಿಗೆ, ನಗು. ನಿನ್ನ ಮೊಸರು ಖರ್ಚಾಗ್ತಿರೋದೂ ಈ ಕರುವಿನಿಂದಲೇ."

ಮಾತು ನಿಜವಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಹೇಸಿಗೆಯಾಯಿತು.

ಹೆದ್ದಾರಿಯ ತಿರುವಿನಲ್ಲಿ ಒಂದು ದೊಡ್ಡ ಲಾರ್ಚ್ ಮರವಿತ್ತು. ಅದರ ಎದುರಿಗೇ ಸಿರ್ಗಾಳ ಅಂಗಡಿ. ಅಂಗಡಿ ಎಂದರೆ ಒಂದು ಹಲಗೆ, ಅದರ ಮೇಲೆ ಮೊಸರಿನ ಡಬ್ಬಿಗಳು, ಹೊಗೆಯಲ್ಲಿ ಒಣಗಿಸಿದ ಗಿಣ್ಣಿನ ತುಂಡುಗಳು. ಬರ್ನೌಲ್‌ನಿಂದ, ನೊವೊಸಿಬಿರ್ಸ್ಕ್‌ನಿಂದ ಬೆಟ್ಟ ನೋಡಲು ಹೊರಟ ಪಟ್ಟಣದವರ ಕಾರುಗಳು ಅಲ್ಲಿ ನಿಲ್ಲುತ್ತಿದ್ದವು. ಸನಾಷ್ ತಮಟೆ ಬಡಿದು ಮರದ ಸುತ್ತ ಕುಣಿಯುತ್ತಿದ್ದ. ಕಂಬಳಿಯ ಧೂಳು ಕೊಡವುವವನ ಕೈಯೇ ಅದು. ಅವನ ಮಂತ್ರದಲ್ಲಿ ಅರ್ಧಕ್ಕರ್ಧ, ಸಂಜೆ ಕುರಿಗಳನ್ನು ಹಟ್ಟಿಗೆ ಕರೆಯುವ ಕೂಗು. ಬಂದವರು ಕಣ್ಣು ಮುಚ್ಚಿ ಕೇಳುತ್ತಿದ್ದರೆ ಊರಿನ ನಾಯಿಗಳು ಮಾತ್ರ ಧಡಕ್ಕನೆ ಎದ್ದು, ಕುರಿ ಎಲ್ಲಿ ಎಂದು ಹುಡುಕುತ್ತಿದ್ದವು.

ಆಮೇಲೆ ಒಬ್ಬೊಬ್ಬರಾಗಿ ಮರವನ್ನು ತಬ್ಬಿಕೊಳ್ಳುವುದು. ಬೆನ್ನುನೋವಿನ ಹೆಂಗಸರು, ಗಡ್ಡ ಬಿಟ್ಟ ಗಂಡಸರು, ಯಾರಿಗೂ ಏನೂ ಆಗಿರಲಿಲ್ಲ, ಎಲ್ಲರಿಗೂ ಏನೋ ಆಗಬೇಕಿತ್ತು. ಸಿರ್ಗಾಳ ಜನ ಲಾರ್ಚಿಗೆ ಹರಕೆ ಕಟ್ಟುವುದೆಂದರೆ ಹೊಸ ಬಟ್ಟೆಯಿಂದ ಹರಿದ ಬೆರಳಗಲದ ಬಿಳಿ ಪಟ್ಟಿ, ಮನಸ್ಸಿನಲ್ಲೇ ಒಂದು ಮಾತು, ಮುಗಿಯಿತು. ಇವರು ಪ್ಲಾಸ್ಟಿಕ್ ಚೀಲ ಕಟ್ಟಿದರು, ಕೂದಲ ರಬ್ಬರು ಕಟ್ಟಿದರು. ಒಬ್ಬ ಭೂಪ ತನ್ನ ಕಾಲುಚೀಲವನ್ನೇ ಬಿಚ್ಚಿ ಕಟ್ಟಿ ಬರಿಗಾಲಿನಲ್ಲಿ ಶೂ ಹಾಕಿಕೊಂಡು ಹೋದ. ಅಗಿಯಲು ಒಳ್ಳೆಯದೆಂದು ಅಂಟನ್ನು ಕೆತ್ತಿದರು, ನೆನಪಿಗಿರಲಿ ಎಂದು ತೊಗಟೆ ಸುಲಿದರು.

ಲಾರ್ಚ್ ಗಟ್ಟಿ ಮರ. ನೀರಿಗೆ ಹಾಕಿದರೆ ಕಲ್ಲಿನ ಹಾಗೆ ಮುಳುಗುತ್ತದೆ, ಕುದುರೆ ಕಟ್ಟುವ ಕಂಬ ಮಾಡಿ ನೆಟ್ಟರೆ ನೆಟ್ಟವನ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡುವುದಿಲ್ಲ. ಆದರೆ ಇಂಥ ಭಕ್ತಿಯನ್ನು ಅದು ತಾಳಲಿಲ್ಲ. ಮುಂದಿನ ಬೇಸಿಗೆ ಬೆಟ್ಟದ ಲಾರ್ಚುಗಳೆಲ್ಲ ಎಳೇ ಹಸಿರು ಚಿಗುರಿ ಮೆತ್ತಗೆ ಕಂಡರೂ ತಿರುವಿನ ಮರ ಬೋಳಾಗಿ, ಕಾಲುಚೀಲ ತೊಟ್ಟುಕೊಂಡು ನಿಂತೇ ಇತ್ತು.

ಒಂದು ಮಧ್ಯಾಹ್ನ ಸನಾಷ್ ಅತ್ತಿಗೆಯ ಮನೆಗೆ ಬಂದು, ಉಪ್ಪುಚಹಾಕ್ಕೆ ಹುರಿಹಿಟ್ಟು ಕಲಸಿಕೊಂಡು ತಿಂದು, ಬಾಯಿ ಒರೆಸಿಕೊಂಡ.

"ಆ ಮರ ಕೈಕೊಟ್ಟಿತು ಅತ್ತಿಗೆ. ಬೇರೆ ನೋಡಿದ್ದೀನಿ."

"ಮರ ಕೈಕೊಟ್ಟಿತಾ? ನೀನು ಅದರ ಚರ್ಮ ಸುಲಿಸಿದೆ ಕಣೋ. ಯಾವುದು ಬೇರೆ?"

"ಮೇಲಿನ ಒಂಟಿ ಲಾರ್ಚ್."

ಸಿರ್ಗಾಳ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ಬಡಿದು ನಿಂತಿತು.

ಅವಳು ಈ ಮನೆಗೆ ಸೊಸೆಯಾಗಿ ಬಂದ ಮರುವರ್ಷ ಒಂದು ಹೆಣ್ಣು ಹುಟ್ಟಿತ್ತು. ಹಲ್ಲು ಮೂಡುವ ಮೊದಲೇ ಜ್ವರ ಬಂದು ತೀರಿಕೊಂಡಿತು. ಜಮೀನು, ದನಕುರಿ ಎಲ್ಲ ಸರ್ಕಾರಿ ಒಕ್ಕೂಟದ್ದಾಗಿದ್ದ ಕೋಲ್ಖೋಜ್ ಕಾಲ, ಊರಿನ ಸ್ಮಶಾನದಲ್ಲಿ ಹೂಳಬೇಕೆಂದು ಕಚೇರಿಯವರು ಹೇಳಿದರು. ಅತ್ತೆ ಒಪ್ಪಲಿಲ್ಲ. ಹಲ್ಲಿಲ್ಲದ ಕೂಸನ್ನು ಮಣ್ಣಿಗೆ ಕೊಟ್ಟರೆ ಅದು ವಾಪಸು ಬರುವ ದಾರಿ ಮುಚ್ಚುತ್ತದೆ, ಲಾರ್ಚಿನ ಮಡಿಲಿಗೆ ಕೊಡಿ ಎಂದಳು. ಭೂರ್ಜದ ತೊಗಟೆಯಲ್ಲಿ ಸುತ್ತಿ, ಯಾರಿಗೂ ಹೇಳದೆ ಬೆಟ್ಟಕ್ಕೆ ಒಯ್ದರು. ಸಿರ್ಗಾಳ ಗಂಡ ತೊಕ್ಷಿನ್ ಮರದ ಬುಡದವರೆಗೆ ಹೋಗಿ ಕುಸಿದು ಕೂತ. ಮರ ಹತ್ತಿ, ಪೊಟರೆಯಲ್ಲಿ ಗಂಟನ್ನು ಇಟ್ಟು, ಬಾಯಿಗೆ ತೊಗಟೆ ಮುಚ್ಚಿ ಇಳಿದವನು ಮೀಸೆ ಮೂಡದ ಸನಾಷ್. ಆ ಕೂಸು ತಿರುಗಿ ಬರಲಿಲ್ಲ, ಬೇರೆ ಮಕ್ಕಳೂ ಆಗಲಿಲ್ಲ. ಅತ್ತೆ ಸತ್ತಳು, ತೊಕ್ಷಿನ್ ಸತ್ತ. ಆ ಮರ ಯಾವುದೆಂದು ಬಲ್ಲವರು ಲೋಕದಲ್ಲಿ ಇಬ್ಬರೇ ಉಳಿದಿದ್ದರು.

"ನಿನಗೆ ನೆನಪಿಲ್ಲವೇನೋ?" ಅಂದಳು.

"ಇದೆ. ಅದಕ್ಕೇ ಅಲ್ವಾ ಅಲ್ಲಿ ಶಕ್ತಿ ಇರೋದು," ಅಂದ ಸನಾಷ್. ಹೇಳುವಾಗ ಅವಳ ಮುಖ ನೋಡದೆ ಬಟ್ಟಲಿನ ತಳ ನೋಡುತ್ತಿದ್ದ.

ಅವಳು ಅವನ ಮುಂದಿದ್ದ ಬಟ್ಟಲನ್ನು ಎತ್ತಿಕೊಂಡು, ಉಳಿದ ಚಹಾವನ್ನು ಹೊರಗೆ ಚೆಲ್ಲಿ ಬಂದಳು. ಮನೆಗೆ ಬಂದವನ ಬಟ್ಟಲನ್ನು ಹಾಗೆ ತೆಗೆಯುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು. ಟೋಪಿ ತೆಗೆದುಕೊಂಡು ಹೊರಟ.

ಆದರೂ ಹೇಳಿದ ಹಾಗೇ ಶನಿವಾರ ಪ್ರವಾಸಿಗಳ ಒಂದು ಹಿಂಡನ್ನು ಬೆಟ್ಟ ಹತ್ತಿಸಿದ. ಅವರು ಏದುಸಿರು ಬಿಡುತ್ತಾ ಮೇಲೆ ಬರುವಷ್ಟರಲ್ಲಿ ಸಿರ್ಗಾ ಮರದ ಬುಡದಲ್ಲಿ, ಕಾಂಡಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಸನಾಷ್ ತಮಟೆ ಎತ್ತಿದ. ಎತ್ತಿದ ಕೈ ಬಡಿಯಲಿಲ್ಲ. ತಾಯತ, ಗರಿ, ಗಂಟೆ ಎಲ್ಲ ಹೊತ್ತುಕೊಂಡು, ಬೆದರುಬೊಂಬೆಯ ಹಾಗೆ ಸುಮ್ಮನೆ ನಿಂತ.

ಸಿರ್ಗಾ ಎದ್ದು ನಿಂತು ರಷ್ಯನ್ ಭಾಷೆಯಲ್ಲಿ, ಮುಚ್ಚುಮರೆ ಇಲ್ಲದೆ ಹೇಳಿದಳು. "ಇದರೊಳಗೆ ನನ್ನ ಮಗಳಿದ್ದಾಳೆ. ಕೂಸು. ಇಲ್ಲಿ ತಬ್ಬೋದು ಬೇಡ, ಕಟ್ಟೋದು ಬೇಡ. ನಾಚಿಕೆ ಇದ್ದರೆ ಇಳಿದು ಹೋಗಿ."

ನಾಚಿಕೆ ಆಗುತ್ತದೆ ಎಂದುಕೊಂಡಿದ್ದಳು. ಆದರೆ ಬಿಳಿ ಟೋಪಿಯ ಹೆಂಗಸೊಬ್ಬಳು ಎದೆ ಮೇಲೆ ಕೈಯಿಟ್ಟುಕೊಂಡು ಅತ್ತಳು. ಅವಳನ್ನು ನೋಡಿ ಇನ್ನೊಬ್ಬಳು. ಗಡ್ಡದವನೊಬ್ಬ, "ನನಗೆ ಮೊದಲೇ ಗೊತ್ತಾಯ್ತು, ಅಂಗೈ ಬಿಸಿಯಾಯ್ತು," ಅಂದ. ಬಂದು ಬಂದು ಸಿರ್ಗಾಳನ್ನೇ ತಬ್ಬಿದರು. ಅವರ ಸೊಳ್ಳೆ ಔಷಧಿಯ ವಾಸನೆ ಅವಳ ಮೂಗಿಗೆ ಹತ್ತಿಕೊಂಡಿತು. ಬಿಳಿ ಟೋಪಿಯವಳು ಕಣ್ಣೊರೆಸಿಕೊಂಡು ಫೋನನ್ನು ತೋಳುದ್ದ ಹಿಡಿದು, "ಅಮ್ಮಾ, ಸ್ವಲ್ಪ ಮರದ ಕಡೆ ನೋಡಿ," ಅಂದಳು.

ಮುಂದಿನ ವಾರ ತಿರುವಿನಲ್ಲಿ ಕಾರುಗಳ ಸಾಲೇ ನಿಂತಿತು. ಎಲ್ಲರೂ ಕೇಳುತ್ತಿದ್ದದ್ದು ಒಂದೇ: "ಆ ತಾಯಿ ಎಲ್ಲಿದ್ದಾರೆ?"

ಸಿರ್ಗಾ ಅಂಗಡಿ ಮುಚ್ಚಿದಳು. ದಿನಾ ಬೆಳಿಗ್ಗೆ ಬೆಟ್ಟ ಹತ್ತಿ, ಕಟ್ಟಿದ್ದನ್ನೆಲ್ಲ ಕಿತ್ತು ಗೋಣಿಗೆ ತುಂಬಿ ತಂದು ಒಲೆಗೆ ಹಾಕುತ್ತಿದ್ದಳು. ಪೊಟರೆಯ ಬಾಯಿಗೆ ಯಾರೋ ಪ್ಲಾಸ್ಟಿಕ್ ಗೊಂಬೆ ಸಿಕ್ಕಿಸಿದ್ದರು. ಅದನ್ನು ಕಿತ್ತ ದಿನ ಅವಳಿಗೆ ಬಂದವರ ಮೇಲಲ್ಲ, ತನ್ನ ಮೇಲೇ ತಿರಸ್ಕಾರ ಹುಟ್ಟಿತು. ಸನಾಷ್ ಬರೀ ಮರ ತೋರಿಸಿದ್ದ. ಮಗಳನ್ನು ತೋರಿಸಿದವಳು ತಾನೇ. ನಾಚಿಕೆ ಎನ್ನುವುದು ಎಲ್ಲರ ಹತ್ತಿರವೂ ಇರುತ್ತದೆಂದು ನಂಬಿದ ದಡ್ಡಿ.

ಅಂದೇ ಸನಾಷ್‌ನ ಮನೆಗೆ ಹೋದಳು. ಅವನು ಹಾಸಿಗೆಯ ಮೇಲೆ ಕೂತು ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಿದ್ದ. ತಮಟೆ ಮೂಲೆಯಲ್ಲಿ ಬೋರಲು ಬಿದ್ದಿತ್ತು.

"ಮರ ಬದಲಾಯಿಸು," ಅಂದಳು ನಿಂತೇ.

"ಯಾವುದಕ್ಕೆ?"

"ಕುರಿತೊಟ್ಟಿ ಪಕ್ಕದ ಲಾರ್ಚಿಗೆ."

ಸನಾಷ್‌ಗೆ ಬೀಜ ಗಂಟಲಿಗೆ ಸಿಕ್ಕಿತು. ಕೋಲ್ಖೋಜ್ ಕಾಲದಲ್ಲಿ ಊರಿನ ಕುರಿಗಳನ್ನೆಲ್ಲ ಹುಳದ ಔಷಧಿಯ ನೀರಿನಲ್ಲಿ ಮುಳುಗಿಸಿ ಎತ್ತುತ್ತಿದ್ದ ತೊಟ್ಟಿ ಅದು. ಪಕ್ಕದ ಮರಕ್ಕೆ ಹೋತಗಳನ್ನು ಕಟ್ಟಿ ಬೀಜ ಒಡೆಯುತ್ತಿದ್ದರು. ಮಳೆ ಬಂದರೆ ಈಗಲೂ ಆ ಜಾಗ ನಾರುತ್ತದೆ.

"ಅಲ್ಲಿಗಾ? ಅವರು ಆಗಲೇ ಫೋಟೋ ತೆಗೆದಿದ್ದಾರಲ್ಲ ಅತ್ತಿಗೆ. ಗೊತ್ತಾಗಲ್ವಾ?"

"ಫೋಟೋದಲ್ಲಿ ಇರೋದು ಅವರ ಮುಖ ಕಣೋ, ಮರ ಅಲ್ಲ. ಇನ್ನು ಸ್ವಲ್ಪ ದಿನಕ್ಕೆ ಬೆಟ್ಟವೆಲ್ಲ ಹಳದಿಯಾಗಿ ಉದುರುತ್ತೆ. ಆಮೇಲೆ ಒಂದು ಲಾರ್ಚಿಗೂ ಇನ್ನೊಂದಕ್ಕೂ ವ್ಯತ್ಯಾಸ ಹೇಳೋ ಕಣ್ಣು ಅವರಲ್ಲಿ ಯಾರಿಗಿದೆ?"

"ಅದು ಹೆದ್ದಾರಿಗೂ ಹತ್ತಿರ," ಅಂದ ಸನಾಷ್ ಯೋಚಿಸುತ್ತಾ. "ಹತ್ತೋ ಕಷ್ಟ ಇಲ್ಲ."

"ಥೂ," ಅಂದಳು ಸಿರ್ಗಾ.

ಅವನು ಬೀಜದ ಸಿಪ್ಪೆಗಳನ್ನು ಅಂಗೈಯಲ್ಲಿ ಒಟ್ಟುಗೂಡಿಸಿದ. "ಆವತ್ತು ಅಲ್ಲಿ ಕೈ ಎತ್ತಿದೆ ನೋಡು, ಇಳಿಸೋಕೇ ಆಗಲಿಲ್ಲ ಅತ್ತಿಗೆ," ಅಂದ. "ಎಷ್ಟು ಹಗುರ ಇತ್ತು ಆ ಗಂಟು. ಒಂದೇ ಕೈಯಲ್ಲಿ ಹಿಡ್ಕೊಂಡು ಹತ್ತಿದ್ದೆ."

ಅವನು ಒಪ್ಪಿದ್ದು ಆ ನೆನಪಿಗೋ, ಹೆದ್ದಾರಿ ಹತ್ತಿರವೆಂದೋ ಸಿರ್ಗಾಳಿಗೆ ಕೊನೆಗೂ ತಿಳಿಯಲಿಲ್ಲ. ಕೇಳಲೂ ಇಲ್ಲ. ಅವನು ಯಾವ ಉತ್ತರ ಕೊಟ್ಟರೂ ಅವಳು ನಂಬುತ್ತಿರಲಿಲ್ಲ.

ಅಂದುಕೊಂಡಂತೆಯೇ ಆಯಿತು. ಎಲೆ ಉದುರಿದ ಮೇಲೆ ಬಂದ ಹಿಂಡುಗಳು ಕುರಿತೊಟ್ಟಿಯ ಲಾರ್ಚಿನ ಮುಂದೆ ಸಾಲಾಗಿ ನಿಂತವು. ಬಿಳಿ ಟೋಪಿಯವಳು ಗೆಳತಿಯರನ್ನು ಕಟ್ಟಿಕೊಂಡು ಎರಡನೇ ಸಲ ಬಂದಳು, ಮರ ನೋಡಿದೊಡನೆ "ಇದೇ, ಇದೇ!" ಎಂದು ಓಡಿ ಹೋಗಿ ಕೆನ್ನೆ ಒತ್ತಿದಳು. ಹೋತಗಳ ಹಗ್ಗ ಉಜ್ಜಿ ನುಣುಪಾದ ಜಾಗಕ್ಕೇ ಒತ್ತಿದಳು. ಗಡ್ಡದವರು ಮೂಗೆಳೆದು, ನೆಲದಿಂದ ಏನೋ ಏಳುತ್ತಿದೆ ಅಂದರು. ಏಳುತ್ತಿದ್ದದ್ದು ನಿಜ. ಸಿರ್ಗಾ ಮತ್ತೆ ಅಂಗಡಿ ತೆರೆದು, ದೂರದಿಂದ ನೋಡುತ್ತಾ ಮೊಸರು ಅಳೆದು ಹಾಕುತ್ತಿದ್ದಳು. ತಾಯಿ ಎಲ್ಲಿ ಎಂದು ಕೇಳಿದರೆ, "ಸತ್ತಳು," ಅನ್ನುತ್ತಿದ್ದಳು. ಅವಳು ಮಗಳ ಬಗ್ಗೆ ಸುಳ್ಳು ಹೇಳಲಿಲ್ಲ; ಆ ಕೆಲಸವನ್ನು ಸನಾಷ್‌ಗೆ ಬಿಟ್ಟಿದ್ದಳು. ಆದರೂ ಸಂಜೆ ಕೈ ತೊಳೆಯುವಾಗ ತಾನೂ ಆ ತಮಟೆಯ ಒಂದು ಕೋಲಾದೆ ಎನಿಸಿ ನೀರನ್ನು ಜೋರಾಗಿ ಎರಚಿಕೊಳ್ಳುತ್ತಿದ್ದಳು.

ಮೊದಲ ಹಿಮ ಬಿದ್ದ ವಾರ ಬರ್ನೌಲ್‌ನಿಂದ ಜಿನೈದಾ ಎಂಬ ಹೆಂಗಸು ಬಂದಳು. ನಡುವಯಸ್ಸು, ದಪ್ಪ ಕೋಟು, ಜೊತೆಗೆ ಯಾರೂ ಇಲ್ಲ. ಫೋನು ಹೊರಗೆ ತೆಗೆಯಲಿಲ್ಲ. ಮರವನ್ನು ತಬ್ಬದೆ, ಏನೂ ಕಟ್ಟದೆ ತೊಟ್ಟಿಯ ಒಡೆದ ಗೋಡೆಯ ಮೇಲೆ ಕೂತಳು. ಸನಾಷ್ ಗರಿ ಸರಿಮಾಡಿಕೊಂಡು ಅವಳ ಕಡೆ ಹೊರಟ. ಸಿರ್ಗಾ ಯಾಕೆಂದು ತನಗೇ ತಿಳಿಯದೆ ಅಂಗಡಿ ಬಿಟ್ಟು ಹೆದ್ದಾರಿ ದಾಟಿ ಬಂದಳು.

ಜಿನೈದಾ ಅವಳನ್ನು ನೋಡಿ, ಪಕ್ಕದ ಮನೆಯವಳನ್ನು ಕೇಳುವ ಹಾಗೆ ಕೇಳಿದಳು. "ಇಲ್ಲಿ ಚಳಿಗಾಲ ಹೇಗೆ? ಆ ಕೂಸಿಗೆ ಚಳಿಯಾಗಿರುತ್ತೆ ಅನ್ನಿಸಲ್ವಾ ನಿಮಗೆ? ನನ್ನದನ್ನ ಆಸ್ಪತ್ರೆಯವರು ನನಗೆ ತೋರಿಸಲೇ ಇಲ್ಲ. ಏನು ಹೊದಿಸಿದ್ರೋ."

ಇದೇ ಪ್ರಶ್ನೆಯನ್ನು ಸಿರ್ಗಾ ಮಗಳು ಹೋದ ಮೊದಲ ಚಳಿಗಾಲ ಪೂರ್ತಿ ಅತ್ತೆಯನ್ನು ಕೇಳಿದ್ದಳು. ಅತ್ತೆ ಒಂದು ಸಲವೂ ಬೇಸರಪಡದೆ ಉತ್ತರ ಹೇಳಿದ್ದಳು.

"ನರಿತುಪ್ಪಳದ ಕುಲಾವಿ ಇತ್ತು," ಅಂದಳು ಸಿರ್ಗಾ. "ಅಜ್ಜಿ ಹೊಲಿದದ್ದು. ಒಳಗೆ ಕುರಿಮರಿ ಉಣ್ಣೆ. ಮೇಲೆ ಎರಡು ಸುತ್ತು ತೊಗಟೆ. ಚಳಿ ಆಗಿಲ್ಲ."

ಜಿನೈದಾ ತಲೆಯಾಡಿಸಿದಳು. "ನಿಮಗೆ ಹೇಗೆ ಗೊತ್ತು?" ಎಂದು ಕೇಳಲಿಲ್ಲ.

ಹಿಂದಿನಿಂದ ತಮಟೆಯ ಮೊದಲ ಪೆಟ್ಟು ಬಿತ್ತು. ಸಿರ್ಗಾ ತಿರುಗಿ, "ಏಯ್, ಮುಚ್ಚೋ ಆ ಕರುವಿನ ಬಾಯಿ! ಇವರಿಗೆ ಬೇಡ," ಅಂದಳು. ಸನಾಷ್ ಮುಖ ಗಂಟಿಕ್ಕಿಕೊಂಡು ಹೋಗಿ ತನ್ನ ಹಳೇ ಕಾರಿನೊಳಗೆ ಕೂತು, ಬಾಗಿಲನ್ನು ದಡಾರನೆ ಎಳೆದುಕೊಂಡ. ಸಿರ್ಗಾ ಗೋಡೆಯ ಮೇಲಿನ ಹಿಮವನ್ನು ತೋಳಿನಿಂದ ಸರಿಸಿ, ಜಿನೈದಾಳ ಪಕ್ಕ ಜಾಗ ಮಾಡಿಕೊಂಡಳು.