ಬಾಗಿಲಿಗೆ ಅಡ್ಡ ನಿಂತ ಟೆಲಿಪ್ರಿಂಟರ್

"ಇನ್ನೊಂದು ಸಲ, ಎಲ್ರೂ ಒಟ್ಟಿಗೆ," ಎಂದ ತಮ್ಮ, ಅಂಗಿಯ ತೋಳು ಮಡಚುತ್ತ. ನಾಲ್ವರು ಮತ್ತೆ ಮುಕ್ಕಿರಿದು ತಳ್ಳಿದರು. ದಾರಿಗಡ್ಡವೆಂದು ಕೋಣೆಯಿಂದ ಹೊರಗೆ ತಳ್ಳಹೋಗಿ ಬಾಗಿಲಲ್ಲೇ ಸಿಕ್ಕಿಬಿದ್ದಿದ್ದ ಟೆಲಿಪ್ರಿಂಟರ್ ತುಸು ಸರಿದಂತೆ ಮಾಡಿ, ಅದರ ಸ್ಟ್ಯಾಂಡಿನ ಕಬ್ಬಿಣದ ಕಾಲು ಬಾಗಿಲ ಚೌಕಟ್ಟಿಗೆ ಸಿಕ್ಕಿ ಇನ್ನಷ್ಟು ಅಡ್ಡವಾಗಿ ನಿಂತಿತು. ಮಗ್ಗುಲಾಗಿ ತಿರುಗಿದರೆ ಮನುಷ್ಯರು ನುಸುಳಬಹುದಿತ್ತು, ಸ್ಟ್ರೆಚರ್ ನುಸುಳುವಂತಿರಲಿಲ್ಲ. ಒಳಗೆ ಮಂಚದ ಮೇಲೆ ಅಪ್ಪನ ದೇಹ. ಹೊರಗೆ ಶವದ ಗಾಡಿ ಬಂದು ಬಹಳ ಹೊತ್ತಾಗಿತ್ತು.

ಮಗಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಮನೆಮಂದಿಗೆಲ್ಲ ಅಡ್ಡವಾಗಿದ್ದದ್ದು ಇವತ್ತು ಅಪ್ಪನಿಗೂ ಅಡ್ಡ.

ಅಪ್ಪನ ಜೊತೆ ಕೆಲಸ ಮಾಡಿದ್ದ ಆಪರೇಟರ್ ಮಾಮ ಯಂತ್ರದ ಮೈ ಸವರುತ್ತ ನಿಂತಿದ್ದರು. ಆ ಯಂತ್ರಗಳ ಸದ್ದಿಗೇ ಅವರ ಕಿವಿ ಮಂದವಾಗಿತ್ತು. "ಐದು ಸನ್ನೆ ಬಂದ್ರೆ ಒಂದು ಅಕ್ಷರ. ಇರೋದೊಂದೇ ಮೋಟಾರು, ಮಿಕ್ಕಿದ್ದೆಲ್ಲ ಲಿವರು, ಸ್ಪ್ರಿಂಗು. ಇಂಥ ಕೆಲಸ ಈಗೆಲ್ಲಮ್ಮಾ?"

"ಮಾಮ, ಮೊದಲು ಅಪ್ಪನ್ನ ಆಚೆ ತರೋಣ."

ಅವರಿಗೆ ಕೇಳಿಸಲಿಲ್ಲ. ಯಂತ್ರದ ಕ್ಲಚ್ಚಿನ ವಿಷಯಕ್ಕೆ ಬಂದಿದ್ದರು.

*

ಪತ್ರಿಕಾ ಕಚೇರಿಗೆ ಕಂಪ್ಯೂಟರ್ ಬಂದ ವರ್ಷ, ತಂತಿಯಲ್ಲಿ ಬಂದ ಸುದ್ದಿಯನ್ನು ತಾವೇ ಟೈಪು ಮಾಡುತ್ತಿದ್ದ ಟೆಲಿಪ್ರಿಂಟರುಗಳೆಲ್ಲ ಗುಜರಿಗೆ ಹೋದವು. ಅವುಗಳ ಮೆಕ್ಯಾನಿಕ್ ಆಗಿದ್ದ ಅಪ್ಪ ಒಂದನ್ನು ಕೈಗಾಡಿಯ ಮೇಲೆ ಹೇರಿಸಿ ಮನೆಗೆ ತಂದ. ಮಗಳ ಓದುವ ಮೇಜಿಗೆಂದು ಬಿಟ್ಟಿದ್ದ ಜಾಗದಲ್ಲಿ ಅದು ಕೂತಿತು. ಅದಕ್ಕೆ ಸುದ್ದಿ ಕಳಿಸುವವರು ಯಾರೂ ಇರಲಿಲ್ಲ. ಆದರೂ ರಜೆ ಬಂತೆಂದರೆ ಅಪ್ಪ ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಮತ್ತೆ ಜೋಡಿಸುತ್ತಿದ್ದ. ತಮ್ಮನೋ ಆಟಕ್ಕೆ ಓಡುತ್ತಿದ್ದ. ತಿರುಪುಗಳ ತಟ್ಟೆ ಹಿಡಿದು ಕೂರುವ ಕೆಲಸ ಅವಳ ಪಾಲಿಗೆ ಬಂತು. ನೌಕರಿಗೆ ಸೇರಿದ ಮೇಲೂ ಹಿಡಿದಳು. ಗಂಡನ ಮನೆ ಬಿಟ್ಟು ಬಂದ ಮೇಲೂ ಹಿಡಿದಳು.

ಬಂದ ವಾರವೇ, ತಡೆಯಲಾರದೆ ಕೇಳಿದ್ದಳು: "ನಾನ್ಯಾಕೆ ವಾಪಸ್ ಬಂದೆ ಅಂತ ಒಂದು ಮಾತು ಕೇಳಲ್ವಾ ಅಪ್ಪ?"

ಅಪ್ಪ ತಲೆಯೆತ್ತಲಿಲ್ಲ. "ಈ ಕ್ಲಚ್ಚು ಯಾಕೋ ಜಾರ್ತಿದೆ ನೋಡು," ಎಂದ.

ತಟ್ಟೆ ಕುಕ್ಕಿ ಎದ್ದುಹೋಗಿದ್ದಳು. ಮುಂದಿನ ವಾರ ಮತ್ತೆ ಬಂದು ಕೂತಿದ್ದಳು.

*

ಶವದ ಗಾಡಿಯ ಡ್ರೈವರ್ ಹೊರಗಿನಿಂದ ಕೂಗಿದ. ತಮ್ಮ ಎಲ್ಲಿಂದಲೋ ದೊಡ್ಡ ಸುತ್ತಿಗೆ ತಂದ. "ಒಡೆದೇ ಹಾಕ್ತೀನಿ ಅಕ್ಕ. ಹೇಗೂ ಗುಜರಿಗೆ ಹೋಗೋದೇ ತಾನೆ?"

ಎಷ್ಟೋ ವರ್ಷ ಅವಳೇ ಬಯಸಿದ್ದ ಮಾತು. ಸುತ್ತಿಗೆ ಕಿತ್ತುಕೊಂಡು ಮೂಲೆಗೆಸೆದಳು. "ತಟ್ಟೆ ತಗೊಂಡ್ ಬಾ. ಹಿಡ್ಕೊಂಡು ಕೂತ್ಕೋ."

ಮುಚ್ಚಳ, ಮೋಟಾರು, ಕೀಲಿಮಣೆ. ಯಾವ ತಿರುಪು ಎಲ್ಲಿದೆಯೆಂದು ಕೈಗಳಿಗೆ ಗೊತ್ತಿತ್ತು. ಅದಕ್ಕೂ ಸಿಟ್ಟು ಬಂತು. ಯಂತ್ರವನ್ನು ಬೈಯುತ್ತ, ತನ್ನನ್ನೇ ಬೈದುಕೊಳ್ಳುತ್ತ ಬಿಚ್ಚಿದಳು. ಕೊನೆಯ ಭಾಗ ಎತ್ತುವಾಗ ಸ್ಪ್ರಿಂಗೊಂದು ಟಣ್ಣನೆ ಹಾರಿ ಮಂಚದಡಿ ಸೇರಿತು. ಹಗುರಾದ ಸ್ಟ್ಯಾಂಡನ್ನು ಇಬ್ಬರು ಎತ್ತಿಟ್ಟರು. ಅಪ್ಪ ಹೊರಗೆ ಹೋದ.

ಗಾಡಿ ಸ್ಟಾರ್ಟ್ ಆಯಿತು. ಬಾಗಿಲಿಗೆ ಬಂದ ತಮ್ಮ, ಎಲ್ಲರೂ ಕಾಯುತ್ತಿದ್ದಾರೆ ಎಂದ.

"ಬಂದೆ, ನಡಿ."

ಹಾರನ್ ಕೂಗಿತು, ಮತ್ತೊಮ್ಮೆ ಕೂಗಿತು. ಖಾಲಿ ಮಂಚದ ಕೆಳಗೆ ಅವಳು ಬೋರಲು ಮಲಗಿ, ಭುಜದವರೆಗೂ ಕೈ ತೂರಿಸಿ, ಕೆನ್ನೆಗೆ ಮೆತ್ತಿದ ಧೂಳನ್ನೂ ಒರೆಸಿಕೊಳ್ಳದೆ ಆ ಸ್ಪ್ರಿಂಗಿಗಾಗಿ ಗೋಡೆಯಂಚನ್ನು ತಡಕುತ್ತಲೇ ಇದ್ದಳು.